ಅರೆಬರೆ ನೀರು

ಚನ್ನರಾಯಪಟ್ಟಣದ ಬೀಗರ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ, ಹರಳೆಣ್ಣೆ ಕಾಯಿಸುವ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಅಂಗಡಿ ಸೀಸೆಯ ಎಣ್ಣೆಗೆ ಆ ವಾಸನೆ ಇರುವುದಿಲ್ಲ. ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ತೆಗೆದ ಮನೆ ಎಣ್ಣೆಗೆ ಮಾತ್ರ ಇರುವ ಘಾಟು ಅದು. ಸೊಸೆಯ ಬಾಣಂತನ ಅವಳ ತವರಾದ ಆ ಮನೆಯಲ್ಲೇ ನಡೆಯುತ್ತಿತ್ತು. ಮೊಮ್ಮಗಳನ್ನು ನೋಡಲು ನಾನೂ ನನ್ನ ಮಗನೂ ಹಾಸನದಿಂದ ಬಂದಿದ್ದೆವು. ಅವನು ಆಗಲೇ ತೊಟ್ಟಿಲ ಕಡೆ ಓಡಿದ್ದ. ನನಗೆ ಮಾತ್ರ ಕಾಲು ಏಳಲಿಲ್ಲ.

"ಯಾಕ್ ಬೀಗ್ತಿ, ಅಲ್ಲೇ ನಿಂತ್ಬುಟ್ರಿ? ಬಿಸ್ಲು ಒಡೀತಾ? ಒಳೀಕ್ ಬನ್ನಿ, ಕೂಸಿಗೆ ನೀರಾಕೋ ಒತ್ತು," ಎಂದರು ಬೀಗಿತ್ತಿ.

ಬಿಸಿಲಲ್ಲ. ಆ ವಾಸನೆಯ ಹಿಂದೆಯೇ ಒಂದು ಬಚ್ಚಲು, ಒಂದು ಮೋಟು ಮಣೆ, ಮಣೆಯ ಮೇಲೆ ಕಾಲು ನೀಡಿ ಕೂತ ಒಬ್ಬ ಅಜ್ಜಿ ಎದ್ದು ಬಂದಿದ್ದರು. ಎಷ್ಟು ವರ್ಷವಾಯಿತು... ಮರೆತೆ ಅಂದುಕೊಂಡಿದ್ದೆ. ಎಲ್ಲಿ ಮರೆಯುತ್ತದೆ!

ಆಗ ನಾನು ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಿಸ್ಟರ್ ಆಗಿದ್ದೆ. ಸರ್ಕಾರಿ ಕಾಗದದಲ್ಲಿ ಕಿರಿಯ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ 'ಸೂಜಿ ಸಿಸ್ಟ್ರು'. ಉಪಕೇಂದ್ರದ ಹಿಂದಿನ ಕೋಣೆಯಲ್ಲೇ ನನ್ನ ಸಂಸಾರ. ಗೋಡೆಗೆ ಗೋಡೆ ಅಂಟಿಕೊಂಡ ಹಾಗೆ ಅಜ್ಜಿಯ ಮನೆ, ಅದರಾಚೆ ನಾಲೆ, ನಾಲೆಯಾಚೆ ಅವರ ಭತ್ತದ ಗದ್ದೆ. ಅಜ್ಜಿಯ ಮಗ ಗದ್ದೆ ನೋಡಿಕೊಳ್ಳುತ್ತಿದ್ದ, ಸೊಸೆ ಮನೆ ನೋಡಿಕೊಳ್ಳುತ್ತಿದ್ದಳು, ಅಜ್ಜಿ ಊರನ್ನೇ ನೋಡಿಕೊಳ್ಳುತ್ತಿದ್ದಳು. ಯಾರ ಮನೆಯಲ್ಲಾದರೂ ಕೂಸು ಹುಟ್ಟಲಿ, ನೀರು ಹಾಕಲು ಅವಳೇ ಬೇಕು. ಎಲೆಅಡಿಕೆ ಕೊಟ್ಟರೆ ಬಾಯಿಗೆ ಹಾಕಿಕೊಂಡು ಬರುತ್ತಿದ್ದಳು. ಅದು ಬಿಟ್ಟು ಬೇರೇನನ್ನೂ ಮುಟ್ಟಿದವಳಲ್ಲ.

ಅವಳು ನೀರು ಹಾಕುವುದನ್ನು ನೋಡುವುದೇ ಒಂದು ಚೆಂದ. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಮಣೆಯ ಮೇಲೆ ಕೂತು ಕಾಲು ನೀಡಿ, ಎರಡು ಕಾಲಿನ ನಡುವಿನ ತಗ್ಗಿಗೆ ಕೂಸನ್ನು ಬೋರಲು ಮಲಗಿಸಿಕೊಳ್ಳುವಳು. ಬೆನ್ನು ನೀವಿ, ಕೈಕಾಲು ಮಡಚಿ ಬಿಚ್ಚಿ, "ಉದ್ದ ಆಗು, ಗಟ್ಟಿ ಆಗು, ಅತ್ತೆ ಮನೇಲಿ ಜಗಳ ಆಡು" ಎಂದು ಏನೇನೋ ಹೇಳಿಕೊಳ್ಳುತ್ತಾ ಬಿಸಿನೀರು ಹೊಯ್ಯುವಳು. ಊರು ಹಾರಿಹೋಗುವ ಹಾಗೆ ಅಳುತ್ತಿದ್ದ ಕೂಸು ಕೊನೆಗೆ ಅವಳ ಕಾಲ ಮೇಲೆಯೇ ನಿದ್ದೆ ಹೋಗುತ್ತಿತ್ತು.

ನನ್ನ ಮಗ ಹುಟ್ಟುವ ಹೊತ್ತಿಗೆ ನನಗೆ ತವರಲ್ಲಿ ತಾಯಿ ಇರಲಿಲ್ಲ. ಎಲ್ಲಿಗೆ ಹೋಗುವುದು ಅಂತ ಹೊಟ್ಟೆ ಹೊತ್ತುಕೊಂಡು ಅಳುತ್ತಾ ಕೂತಿದ್ದೆ. ಅಜ್ಜಿ ಬಂದು ಗದರಿದಳು: "ತವ್ರು ತವ್ರು ಅಂತ ಯಾಕ್ ಅಳ್ತೀಯೆ? ಒಂದ್ ಗ್ವಾಡೆ ಆಚೆ ಅದೆ ನಿನ್ ತವ್ರು. ಎದ್ ಬಾ." ನನ್ನ ಬಾಣಂತನ ಆದದ್ದು ಆ ಗೋಡೆಯಾಚೆ.

ಮೊದಲ ದಿನವೇ ಇಬ್ಬರಿಗೂ ಜಗಳ. ನೀರು ಹಾಕಿ ಮುಗಿಸಿ, ಬೆಚ್ಚಗಿನ ಹರಳೆಣ್ಣೆಗೆ ಬೆರಳು ಅದ್ದಿ, ಕೂಸಿನ ಮೂಗಿಗೆ ತೊಟ್ಟಿಕ್ಕಿಸಲು ಹೋದಳು. ಹಾಗೆ ಬಿಟ್ಟರೆ ಶೀತ ಇಳಿಯುತ್ತದೆ, ಕೂಸು ಗಟ್ಟಿಯಾಗುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ನಾನು ಬಾಣಂತಿ ಎನ್ನುವುದನ್ನೂ ಮರೆತು ಎದ್ದು ಅವಳ ಕೈ ಹಿಡಿದುಕೊಂಡೆ.

"ಮೂಗಿಗೆ ಬೇಡ ಅಜ್ಜಿ. ಎಣ್ಣೆ ಉಸಿರಿನ ಜೊತೆ ಎದೆಗೆ ಇಳಿದುಬಿಡುತ್ತೆ."

"ಅಯ್ಯೋ ಬುಡು ನನ್ ತಾಯಿ. ನಿನ್ ಗಂಡನ್ ಮೂಗ್ಗೂ ಅವ್ರವ್ವ ಬುಟ್ಟಿರ್ತಾಳೆ. ಸತ್ತೋದ್ನಾ?"

"ಸಾಯಲಿಲ್ಲ, ಅದು ನನ್ನ ಪುಣ್ಯ. ನನ್ನ ಮಗನಿಗೆ ಬೇಡ ಅಂದರೆ ಬೇಡ."

ಅಜ್ಜಿ ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು. ಮುಖ ಊದಿತ್ತು. "ಇದ್ಯಾವ್ ಸೀಮೆ ನೀರವ್ವ? ಅರೆಬರೆ ನೀರು. ಅರ್ಧ ತಲೆ ಬೋಳ್ಸಿ ಕಳ್ಸ್ದಂಗೆ," ಎಂದು ಗೊಣಗಿದಳು. ಆದರೆ ಮೂಗಿಗೆ ಎಣ್ಣೆ ಬಿಡಲಿಲ್ಲ, ಮಾತು ಕೇಳಿದಳು. ನನ್ನ ಮಗನಿಗೆ ಮಾತ್ರವಲ್ಲ, ಅಲ್ಲಿಂದ ಮುಂದೆ ಊರಿನ ಯಾವ ಕೂಸಿಗೂ ಮೂಗಿಗೆ ಎಣ್ಣೆ ಬಿಡಲಿಲ್ಲ. ಪ್ರತಿಸಲ ನೀರು ಹಾಕಿ ವಾಪಸು ಬರುವಾಗಲೂ ಗೋಡೆಯಾಚೆಯಿಂದ ಕೂಗಿ ಹೇಳುವಳು: "ಸೂಜಿ ಸಿಸ್ಟ್ರೇ, ಅರೆಬರೆ ನೀರಾಕ್ ಬಂದೆ ಕಣವ್ವ! ಸಂತೋಸಾನಾ?" ನಾನು ಒಳಗಿಂದಲೇ ನಗುತ್ತಿದ್ದೆ. ಹೀಗೇ ವರ್ಷಗಳು ಹೋದವು. ನನ್ನ ಮಗ ಹಾಸನದಲ್ಲಿ ಕಾಲೇಜು ಸೇರಿದ.

ಅಜ್ಜಿಯ ಮೊಮ್ಮಗಳನ್ನು ಅರಕಲಗೂಡಿನ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು, ತೂಕ ಚೆನ್ನಾಗಿತ್ತು, ಹಾಲು ಚೆನ್ನಾಗಿ ಕುಡಿಯುತ್ತಿತ್ತು. ಅಜ್ಜಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ನಮ್ಮವ್ವ ವಾಪಸ್ ಬಂದವ್ಳೆ. ಅದೇ ಮೂಗು ನೋಡು, ಅದೇ ಅಟ" ಎಂದು ಸಿಕ್ಕಿದವರಿಗೆಲ್ಲ ಹೇಳುವಳು. ಆ ಹುಡುಗಿಯ ಅತ್ತೆಯೂ ಕೂಸು ನೋಡಲು ಬಂದು ಹೋದರು. ನಮ್ಮ ಕಡೆ ಬರುವ ಹಾಗೆಯೇ ಬಂದಿದ್ದರು, ಕೈಯಲ್ಲಿ ಒಣಕೊಬ್ಬರಿ, ಬೆಲ್ಲ, ಮನೆಯಲ್ಲಿ ತೆಗೆದ ಹರಳೆಣ್ಣೆಯ ಸೀಸೆ.

ಒಂದು ಮಧ್ಯಾಹ್ನ ನಾನು ಪಕ್ಕದ ಊರಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದೆ. ನಮ್ಮೂರಿನ ಆಶಾ ಕಾರ್ಯಕರ್ತೆ ಫೋನು ಮಾಡಿದಳು. ಮಾತಿಗಿಂತ ಮೊದಲು ಅವಳ ಏದುಸಿರು ಕೇಳಿಸಿತು.

"ಸಿಸ್ಟರ್... ಅಜ್ಜಿ ಮನೆ ಕೂಸು ಓಗ್ಬುಡ್ತು."

ಹಿಂದಿನ ದಿನದಿಂದ ಕೂಸು ಹಾಲು ಬಿಟ್ಟಿತ್ತಂತೆ, ಗೋಡೆಯಾಚೆಯ ನನಗೂ ಯಾರೂ ಹೇಳಿರಲಿಲ್ಲ. ದೃಷ್ಟಿಯಾಗಿದೆ ಎಂದು ಮನೆಯವರು ತಾಯಿತ ಕಟ್ಟಿಸಿದ್ದರು. ಬೆಳಗ್ಗೆ ಆಶಾ ಹೋಗಿ ನೋಡಿದಾಗ ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೇದುತ್ತಿತ್ತು. ಅವಳು ಆಗಲೇ ಆಂಬುಲೆನ್ಸ್ ಕರೆಸಿದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು, ಆಮ್ಲಜನಕ ಹಾಕಿ, ಜೊತೆಗೆ ನರ್ಸನ್ನೂ ಕೊಟ್ಟು ಹಾಸನಕ್ಕೆ ಕಳಿಸಿದರು. ಕಟ್ಟಾಯದ ಕಡೆಗೆ ತಿರುಗುವ ರಸ್ತೆ ಬರುವಷ್ಟರಲ್ಲಿ ಉಸಿರು ನಿಂತಿತು. ಸಿರಿಂಜನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಅಂಗನವಾಡಿಯ ನೆಲದ ಮೇಲೆ ಕೂತೆ. ಎದುರಿಗೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಸಾಲಾಗಿ ನಿಂತಿದ್ದರು. ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಮುಂದಿನದನ್ನು ಹೇಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ. ನಮ್ಮ ಕಡೆ ಹೆಣ್ಣುಮಗಳು ಬಸುರಿ ಎಂದು ದಾಖಲಾಗುವುದು ಗಂಡನ ಊರಲ್ಲಿ, ಹೆರುವುದು ತವರಲ್ಲಿ. ಈ ಕೂಸಿನ ತಾಯಿಯ ಕಾರ್ಡು ಅರಕಲಗೂಡಿನದು, ಹುಟ್ಟಿದ್ದು ಹೊಳೆನರಸೀಪುರದ್ದು, ಜೀವ ಹೋದ ರಸ್ತೆ ಹಾಸನದ್ದು. ಅವತ್ತು ಸಂಜೆಯೊಳಗೆ ನನ್ನಂಥ ಸಿಸ್ಟರುಗಳ ಫೋನು ಮೇಲೆ ಫೋನು. "ಇದು ನಿಮ್ಮ ಲೆಕ್ಕ ಅಲ್ವೇನ್ರೀ?" "ನಮ್ಮಲ್ಲಿ ಹುಟ್ಟೇ ಇಲ್ಲ, ನಮ್ಮ ಲೆಕ್ಕಕ್ಕೆ ಹೆಂಗೆ ಬರುತ್ತೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಎಲ್ಲರಿಗೂ ಅವರವರ ಹೆಗಲಿನ ಚಿಂತೆ. ಅವರನ್ನೂ ಬೈಯಲಾರೆ, ಹೆದರಿಕೆ ಎಲ್ಲರಿಗೂ ಒಂದೇ. ಕೊನೆಗೆ ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಗೋಡೆಯಾಚೆಯ ಕೂಸು, ನನ್ನದೇ ಲೆಕ್ಕ, ಇಡ್ರಮ್ಮ ಫೋನು!" ಎಂದು ಕಿರುಚಿದೆ.

ನಮ್ಮ ಇಲಾಖೆಯಲ್ಲಿ ಇದಕ್ಕೆ 'ಡೆತ್ ಆಡಿಟ್' ಅನ್ನುತ್ತಾರೆ. ಕೂಸು ಸತ್ತರೆ ಆಶಾ ತಿಳಿಸಬೇಕು, ಸಿಸ್ಟರ್ ಮನೆಗೆ ಹೋಗಿ ಏನಾಯಿತೆಂದು ಮೊದಲ ವರದಿ ಬರೆಯಬೇಕು. ಆಮೇಲೆ ಡಾಕ್ಟರು ಬಂದು ಬಸುರಿನಿಂದ ಹಿಡಿದು ಕೊನೆಯ ಉಸಿರಿನವರೆಗೆ ಎಲ್ಲವನ್ನೂ ಮತ್ತೆ ಕೇಳಬೇಕು. ಕೊನೆಗೆ ಹಾಸನದಲ್ಲಿ ದೊಡ್ಡ ಸಭೆ. ಕೆಲವು ಮನೆಯವರನ್ನು ಅಲ್ಲಿಗೂ ಕರೆಸುತ್ತಾರೆ. ಯಾರು ಕೊಂದರು ಎಂದು ಹುಡುಕುವುದಕ್ಕಲ್ಲ, ಇನ್ನೊಂದು ಕೂಸು ಹೀಗೆ ಹೋಗಬಾರದು ಎಂದು. ಯಾರ ಹೆಸರನ್ನೂ ಆಚೆ ಹೇಳುವಂತಿಲ್ಲ. ತರಬೇತಿಯಲ್ಲಿ ಹಾಗೆ ಹೇಳಿಕೊಡುತ್ತಾರೆ. ಸಭೆಯ ದಿನ ಮಾತ್ರ ಯಾರ ಎದೆಯೂ ಅದನ್ನು ನಂಬುವುದಿಲ್ಲ.

ಬೇರೆ ಊರಲ್ಲಾಗಿದ್ದರೆ ಚೀಲ ತಗಲಿಸಿಕೊಂಡು ಹೋಗುತ್ತಿದ್ದೆ. ಈಗ ಹೋಗಬೇಕಾದದ್ದು ಒಂದು ಗೋಡೆ ಆಚೆ. ಅಜ್ಜಿ ಬಚ್ಚಲ ಪಕ್ಕದ ಮೂಲೆಯಲ್ಲಿ ಕೂತಿದ್ದಳು. ಮಣೆ ಅಲ್ಲೇ ಗೋಡೆಗೆ ಒರಗಿತ್ತು. ನನ್ನನ್ನು ನೋಡಿ ಅಳಲಿಲ್ಲ. ಅತ್ತಿದ್ದರೆ ನನಗೂ ಸುಲಭವಾಗುತ್ತಿತ್ತು.

"ಏನಂತ ಬರೀತೀಯವ್ವ?"

"ಏನಾಯಿತೋ ಅದನ್ನ ಅಜ್ಜಿ."

ಅಜ್ಜಿ ತನ್ನ ಕೈಯನ್ನೇ ನೋಡಿಕೊಂಡಳು. "ನಾನೇ ಕಣವ್ವ. ಮೂಗಿಗೆ ಎಣ್ಣೆ ಬುಟ್ಟೆ. ಊರ್ ಮಕ್ಳಿಗೆಲ್ಲ ನಿನ್ ಮಾತ್ ಕೇಳ್ಕಂಡು ಅರೆಬರೆ ನೀರಾಕ್ದೆ. ಇದು ನನ್ ಕೂಸಲ್ವಾ, ಇದ್ಕಾದ್ರೂ ಪೂರಾ ನೀರಾಕಾನ ಅಂದ್ಕಂಡೆ."

ಅಯ್ಯೋ ದೇವರೇ! ಇಷ್ಟು ವರ್ಷ ಆ ಮುದುಕಿ ನನ್ನ ಮಾತನ್ನು ಕೇಳಿದ್ದು ನಂಬಿ ಅಲ್ಲ, ನನ್ನ ಮೇಲಿನ ದಾಕ್ಷಿಣ್ಯಕ್ಕೆ. ಊರ ಮಕ್ಕಳಿಗೆಲ್ಲ ಏನೋ ಕಡಿಮೆ ಮಾಡುತ್ತಿದ್ದೇನೆ ಎಂಬ ಕೊರಗು ಅವಳೊಳಗೆ ಇತ್ತು. ತನ್ನದು ಅಂತ ಒಂದು ಬಂದಾಗ, ಏನೂ ಕಡಿಮೆಯಾಗದಿರಲಿ ಎಂದು ಪೂರ್ತಿ ಪ್ರೀತಿಯನ್ನು ಸುರಿದುಬಿಟ್ಟಿದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಗೊಳೋ ಎಂದು ಅತ್ತೆ. ವಿಚಾರಣೆಗೆ ಬಂದವಳು ನಾನು, ಸಮಾಧಾನ ಮಾಡಿದವಳು ಅವಳು.

ಆಮೇಲೆ ನನ್ನ ಕೈ ಹಿಡಿದುಕೊಂಡಳು. "ನನ್ನ ಏನ್ ಬೇಕಾರೂ ಮಾಡ್ಲಿ. ಜೈಲಿಗ್ ಆಕ್ಲಿ. ಆ ಅರಕಲಗೂಡಿನೋರ್ ಕಿವಿಗೆ ಮಾತ್ರ ಬೀಳ್ಬಾರ್ದು ಕಣವ್ವ. ತವ್ರಲ್ಲೇ ಕೂಸ್ನ ಕೊಂದ್ರು ಅಂದ್ಬುಟ್ರೆ ನನ್ ಮೊಮ್ಮಗಳ್ನ ಮನೇಗ್ ಕರ್ಕಳಲ್ಲ."

ಅವಳ ಭಯ ಸುಳ್ಳಲ್ಲ. ಮಣ್ಣು ಮಾಡಿದ ದಿನ ಅಳಿಯನ ಕಡೆಯವರು ಅಂಗಳದಲ್ಲಿ ನಿಂತು, "ನಿಮ್ಮನೆ ಬಾಣಂತನ ನೋಡ್ದಂಗಾಯ್ತು" ಎಂದು ಹೇಳಿ ಹುಡುಗಿಯನ್ನು ಬಿಟ್ಟು ಹೋಗಿದ್ದರು. ಯಾವಾಗ ಬಂದು ಕರೆದುಕೊಂಡು ಹೋಗುತ್ತೇವೆಂದು ಹೇಳಿರಲಿಲ್ಲ. ಎದೆಯಲ್ಲಿ ಹಾಲು ಕಟ್ಟಿಕೊಂಡು ನೋವು ತಿನ್ನುತ್ತಾ ಆ ಹುಡುಗಿ ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗಾಯಿತು ನನಗೆ. ನ್ಯುಮೋನಿಯಾ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೆ ಇನ್ಯಾವುದೋ ಊರಲ್ಲಿ ಇನ್ನೊಬ್ಬ ಅಜ್ಜಿ ಇದೇ ಹೊತ್ತಿಗೆ ಎಣ್ಣೆ ಬಿಸಿ ಮಾಡುತ್ತಿರುತ್ತಾಳೆ ಎನ್ನುವುದು ತಲೆಯಿಂದ ಹೋಗಲಿಲ್ಲ. ಎಣ್ಣೆಯ ವಿಷಯ ಬರೆದೆ. ಬರೆದ ಮೇಲೆ ಅನ್ನ ಸೇರಲಿಲ್ಲ. ಅಜ್ಜಿ ಬಟ್ಟೆಗಂಟು ಎತ್ತಿಕೊಂಡು ನಾಲೆ ಕಡೆ ಹೊರಟರೆ ನಾನೂ ಏನಾದರೊಂದು ನೆಪ ಮಾಡಿಕೊಂಡು ಹಿಂದೆಯೇ ಹೋಗುತ್ತಿದ್ದೆ. ಅವಳಿಗೆ ಗೊತ್ತಾಯಿತು. "ಎದ್ರಬ್ಯಾಡ ಕಣ್ ಓಗು. ಆ ಉಡ್ಗಿ ಮನೆ ಸೇರೋಗಂಟ ನಾನ್ ಎಲ್ಲೂ ಓಗಲ್ಲ," ಎಂದಳು. ಅದು ಧೈರ್ಯ ಹೇಳಿದ್ದೋ, ಇನ್ನಷ್ಟು ಹೆದರಿಸಿದ್ದೋ ನನಗೆ ತಿಳಿಯಲಿಲ್ಲ.

ನಮ್ಮ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸಿನವರು, ದನಿ ಮೆತ್ತಗೆ. ಜೀಪನ್ನು ಊರ ಹೊರಗೇ ನಿಲ್ಲಿಸಿ ನಡೆದು ಬಂದರು. ಹುಡುಗಿಯನ್ನು ಬೇರೆ ಕೂರಿಸಿಕೊಂಡು, ನನ್ನನ್ನು ಮಾತ್ರ ಪಕ್ಕದಲ್ಲಿಟ್ಟುಕೊಂಡು ಕೇಳಿದರು. ಮೊದಲು ಕೇಳಿದ್ದು ಸಾವಿನ ವಿಷಯವಲ್ಲ. "ಕೂಸು ಹೆಂಗಿತ್ತು ಹೇಳಮ್ಮ, ಯಾರ ಹಾಗಿತ್ತು?" ಎಂದರು. ಅಷ್ಟು ದಿನ ಮಾತೇ ಆಡದ ಹುಡುಗಿ ಬಿಕ್ಕಿ ಬಿಕ್ಕಿ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅಜ್ಜಿ ನನಗೆ ಹೇಳದೆ ಬಿಟ್ಟಿದ್ದೂ ಬಂತು.

"ಎಣ್ಣೆ ನಮ್ಮತ್ತೆ ತಂದಿದ್ದು ಮೇಡಂ. ಅವ್ರೇ ಅಂದಿದ್ದು, ಆ ಸಿಸ್ಟ್ರು ಮಾತ್ ಕಟ್ಕಂಡು ನಮ್ ಕೂಸಿಗೆ ಅರೆಬರೆ ಮಾಡ್ಬ್ಯಾಡಿ, ಮೂಗಿಗೂ ಬುಟ್ಟು ಪೂರಾ ನೀರಾಕಿ ಅಂತ. ಇದ್ನ ಬರೀಬೇಡಿ ಮೇಡಂ. ನಾನ್ ಅಲ್ಲೇ ಬಾಳ್ಬೇಕು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀನು ಹೇಳಿದ್ದು ನಿಮ್ಮ ಮನೆಯವರ್ಯಾರಿಗೂ ಹೋಗಲ್ಲಮ್ಮ," ಎಂದರು. ಎದೆಯ ಫೋಟೋದಲ್ಲಿ ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿದೇ ನ್ಯುಮೋನಿಯಾ ಆಗಿರಬೇಕು ಎಂದು ದಾರಿಯಲ್ಲಿ ನನಗೆ ಹೇಳಿದರು. ಸದ್ಯ, ಮನೆಯ ಮಾತು ಮನೆಯಲ್ಲೇ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಹಾಸನದ ಸಭೆಗೆ ಕರೆಸುವ ಮನೆಗಳಲ್ಲಿ ಇದನ್ನೂ ಸೇರಿಸಿದ್ದಾರೆ ಎಂದು ತಿಳಿಯಿತು. ತಾಯಿ ಬರಬೇಕು,  ನೀರು ಹಾಕಿದ ಅಜ್ಜಿ ಬರಬೇಕು. ಗಂಡನೂ ಅತ್ತೆಯೂ ತಾವೂ ಬರುತ್ತೇವೆ, ಏನಾಯಿತೆಂದು ನಮಗೂ ಗೊತ್ತಾಗಲಿ ಎಂದು ಪಟ್ಟು ಹಿಡಿದರಂತೆ.

ಅವತ್ತು ಬಸ್ಸಿನಲ್ಲಿ ಹುಡುಗಿ ಒಂದು ಪಕ್ಕ, ಅಜ್ಜಿ ಇನ್ನೊಂದು ಪಕ್ಕ, ನಡುವೆ ನಾನು. ಹುಡುಗಿ ಬಾಯಿಬಿಟ್ಟರೆ ಅತ್ತೆಯ ಮಾನ ಹೋಗುತ್ತದೆ, ಆಮೇಲೆ ಆ ಮನೆಯಲ್ಲಿ ಅವಳಿಗೆ ಜಾಗವಿಲ್ಲ. ಅಜ್ಜಿ ಬಾಯಿಬಿಟ್ಟರೆ ತವರಿನ ಕೈಯಲ್ಲೇ ಕೂಸು ಹೋಯಿತೆಂದಾಗುತ್ತದೆ, ಆಗಲೂ ಅವಳಿಗೆ ಜಾಗವಿಲ್ಲ. ಯಾರೂ ಬಾಯಿಬಿಡದಿದ್ದರೆ ಹೋದ ಕೂಸು ಸುಮ್ಮನೆ ಹೋದ ಹಾಗೆ. ಕಟ್ಟಾಯದ ಕಡೆಗೆ ತಿರುಗುವ ರಸ್ತೆ ಬಂದಾಗ ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಹಾಸನ ಬರುವವರೆಗೂ ತೆಗೆಯಲಿಲ್ಲ.

ಸಭೆಯ ಕೋಣೆ ತುಂಬಾ ಕುರ್ಚಿ. ಅಧಿಕಾರಿಗಳು, ಮಕ್ಕಳ ಡಾಕ್ಟರುಗಳು, ನಮ್ಮಂಥವರು ಗೋಡೆಗೆ ಒರಗಿಕೊಂಡು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತ ಪಕ್ಕದ ಸಿಸ್ಟರ್ ಪಿಸುಗುಟ್ಟಿದಳು, ನನಗೆ ನಗು ಬರಲಿಲ್ಲ. ಮುಖ್ಯ ಸ್ಥಾನದಲ್ಲಿ ಕೂತಿದ್ದ ಸಾಹೇಬರು ಮೊದಲೇ ಹೇಳಿದರು: "ನೋಡಿ, ಬೈಯೋದಕ್ಕೆ ಯಾರನ್ನೂ ಕರೆಸಿಲ್ಲ. ಆದದ್ದು ಆದ ಹಾಗೆ ಹೇಳಿ." ಅಳಿಯ ತಲೆ ತಗ್ಗಿಸಿ ಕೂತಿದ್ದ. ಅವನ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಅಂಗಳದಲ್ಲಿ ನಿಂತು ಅಷ್ಟು ದೊಡ್ಡ ಮಾತಾಡಿದವರು ಅವರೇನಾ ಅನ್ನಿಸಿತು.

ಹುಡುಗಿ ಶುರು ಮಾಡಿದಳು. ಬಸುರು, ಹೆರಿಗೆ, ಹಾಲು ಕುಡಿದದ್ದು... ನೀರು ಹಾಕಿದ ದಿನಕ್ಕೆ ಬಂದು ಮಾತು ನಿಂತುಹೋಯಿತು. "ಆಮೇಲೆ?" ಎಂದರು ಸಾಹೇಬರು. ಹುಡುಗಿ ಒಮ್ಮೆ ಅಜ್ಜಿಯನ್ನು ನೋಡಿದಳು, ಒಮ್ಮೆ ಅತ್ತೆಯನ್ನು ನೋಡಿದಳು.

ಅಜ್ಜಿ ಎದ್ದು ನಿಂತಳು.

"ಸಾ, ಆಮ್ಯಾಕಿಂದ ನಾನ್ ಏಳ್ತೀನಿ. ನೀರಾಕ್ದೋಳು ನಾನು. ಈ ಸಿಸ್ಟ್ರು ಮೂಗಿಗೆ ಎಣ್ಣೆ ಬ್ಯಾಡ ಅಂತ ಬಾಯ್ ಬಡ್ಕಂಡಿದ್ರು. ಬುಟ್ಟೆ. ಕೂಸು ಕೆಮ್ತು, ತುಟಿ ನೀಲಿ ಆಯ್ತು. ಬೆನ್ ತಟ್ದೆ, ಸರೋಯ್ತು ಅಂದ್ಕಂಡೆ. ಮಾರ್ನೆ ದಿನ ಆಲ್ ಕುಡೀಲಿಲ್ಲ. ದಿಷ್ಟಿ ಅಂದ್ಬುಟ್ಟು ತಾಯಿತ ಕಟ್ದೆ. ಅಸ್ಪತ್ರೆಗ್ ಓಗಾನ ಅಂತ ಮೊಮ್ಮಗಳು ಅತ್ಲು. ಮಂಗಳವಾರ ಬಾಣಂತಿ ವಸ್ಲು ದಾಟ್ಬಾರ್ದು ಅಂತ ತಡುದ್ದೋಳೂ ನಾನೇ."

ಮಂಗಳವಾರದ ಮಾತನ್ನು ಯಾರೂ ಕೇಳಿರಲಿಲ್ಲ. ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಅಳಿಯ ತಲೆ ಎತ್ತಿ ಅಜ್ಜಿಯನ್ನೇ ನೋಡಿದ. ಮಕ್ಕಳ ಡಾಕ್ಟರೊಬ್ಬರು ಮೆಲ್ಲಗೆ ಕೇಳಿದರು, ಅವರ ತಪ್ಪಲ್ಲ, ಕೇಳಬೇಕಾದದ್ದೇ: "ಎಣ್ಣೆ ಎಲ್ಲಿಂದ ತಂದದ್ದು ಅಜ್ಜಿ? ಯಾರಾದರೂ ಹೀಗೆ ಹಾಕಿ ಅಂತ ಹೇಳಿದ್ರಾ?"

ನನ್ನ ಪಕ್ಕಕ್ಕೆ ಸರಿದಿದ್ದ ಹುಡುಗಿ ನನ್ನ ಕೈಯನ್ನು ಅಮುಕಿದಳು. ಅವಳತ್ತೆಯ ಬೆರಳು ಸೆರಗಿನಲ್ಲೇ ನಿಂತುಹೋಯಿತು. ಅಜ್ಜಿ ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಯಾರೂ ಏಳ್ಲಿಲ್ಲ ಸಾ. ನಂದೇ ಎಣ್ಣೆ, ನಂದೇ ಕೈ."

ಬರೆದುಕೊಂಡರು. ಊರೂರಿನಲ್ಲೂ ತಾಯಂದಿರ ಸಭೆ ಮಾಡಿ ಮೂಗಿಗೆ ಎಣ್ಣೆ ಬಿಡಬಾರದೆಂದು, ಕೂಸು ಹಾಲು ಬಿಟ್ಟರೆ ವಾರ ನೋಡದೆ ಹೊರಡಬೇಕೆಂದು ಹೇಳಿ ಎಂದು ಅಪ್ಪಣೆಯಾಯಿತು. ಸಾಹೇಬರು ಅಜ್ಜಿಗೆ ಕೈಮುಗಿದರು. ಮುಂದಿನ ಮನೆಯವರನ್ನು ಕರೆದರು. ಅವರೂ ನಮ್ಮ ಹಾಗೇ ಹೆದರಿಕೊಂಡು ಒಳಗೆ ಬಂದರು.

ಹೊರಗೆ ಮೆಟ್ಟಿಲ ಹತ್ತಿರ ನಾವು ನಿಂತಿದ್ದೆವು. ಈಗ ಬೈಗುಳ ಬರುತ್ತದೆ, ಈಗ ಮುರಿದು ಬೀಳುತ್ತದೆ ಎಂದು ನಾನು ಕಾಯುತ್ತಿದ್ದೆ. ಅರಕಲಗೂಡಿನ ಬೀಗಿತ್ತಿ ಬಂದು ಅಜ್ಜಿಯ ಮುಂದೆ ನಿಂತರು. ಬಾಯಿ ಏನೋ ಹೇಳಲು ಹೋಗಿ ಹೋಗಿ ನಿಂತಿತು. ಕೊನೆಗೆ ಬಂದದ್ದು ಇಷ್ಟೇ: "ಬೀಗ್ತಿ... ಬುಧವಾರ ಬತ್ತೀವಿ. ಉಡ್ಗೀನ ಕಳ್ಸ್ಕೊಡಿ." ಹಾಗೆಂದವರೇ ಅಜ್ಜಿಯ ಎರಡೂ ಕೈಗಳನ್ನು ತೆಗೆದುಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡು ಜೋರಾಗಿ ಅತ್ತುಬಿಟ್ಟರು. ಅಳಿಯನಿಗೆ ಏನೂ ಅರ್ಥವಾಗಲಿಲ್ಲ. "ಊಂ, ಬನ್ನಿ. ಊಟಕ್ಕೇ ಬನ್ನಿ," ಎಂದಳು ಅಜ್ಜಿ.

ಬುಧವಾರ ಬಂದು ಕರೆದುಕೊಂಡು ಹೋದರು. ಆ ಹುಡುಗಿ ಆ ಮನೆಯಲ್ಲಿ ಚೆನ್ನಾಗಿ ಬಾಳಿದಳು, ಮತ್ತೆ ಬಸುರಿಯಾಗಿ ಮತ್ತೆ ತವರಿಗೇ ಬಂದಳು. ಆ ಕೂಸಿಗೆ ಮಾತ್ರ ಅಜ್ಜಿ ನೀರು ಹಾಕಲಿಲ್ಲ. "ನನ್ ಕೈ ಬ್ಯಾಡ" ಎಂದು ಬಚ್ಚಲ ಹೊರಗೆ ಗೋಡೆಗೆ ಒರಗಿ ನಿಂತು, ಹೀಗೆ ಹಿಡಿ ಹಾಗೆ ನೀವು ಎಂದು ಸೊಸೆಗೆ ಹೇಳಿಕೊಡುತ್ತಿದ್ದಳು. ಊರಿನವರೂ ಅವಳನ್ನು ಕರೆಯುವುದನ್ನು ಬಿಟ್ಟಿದ್ದರು. ಯಾರೂ ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ, ಕರೆಯಲಿಲ್ಲ ಅಷ್ಟೇ. ಬೆಳಗಿನ ಹೊತ್ತು ಕೂಸಿನ ಅಳು ಯಾವ ಮನೆಯಿಂದ ಕೇಳಿದರೂ ಅವಳ ಕೈ ತಂತಾನೇ ಮಡಿಲಲ್ಲಿ ಆಡುತ್ತಿತ್ತು.

ತಾಯಂದಿರ ಸಭೆಗಳಲ್ಲಿ ನಾನು "ಒಂದೂರಲ್ಲಿ ಒಬ್ಬ ಅಜ್ಜಿ ಇದ್ದಳು" ಎಂದು ಹೇಳತೊಡಗಿದೆ. ಒಂದು ದಿನ ಅಜ್ಜಿಯೇ ಅಂದಳು: "ಎಸ್ರೂ ಏಳವ್ವ. ಎಸ್ರಿಲ್ದಿದ್ರೆ ಯಾರ್ ನಂಬ್ತಾರೆ?" ಹೆಸರು ಹೇಳುವ ಹಾಗಿಲ್ಲ, ನಮ್ಮ ಕಾನೂನು ಎಂದೆ. "ಅಂಗಾರೆ ಸರಿ. ಎಣ್ಣೆ ಯಾರ್ದು ಅಂತ್ಲೂ ಏಳ್ಬ್ಯಾಡ," ಎಂದಳು. ನನಗೆ ಗೊತ್ತಿದೆ ಎಂದು ಅವಳಿಗೆ ಹೇಗೆ ಗೊತ್ತಾಯಿತೋ ಕಾಣೆ. ಅಷ್ಟು ವರ್ಷದಲ್ಲಿ ಆ ವಿಷಯ ನಾವು ಆಡಿದ್ದು ಅದೊಂದೇ ಸಲ. ಇಲ್ಲಿಯೂ ನಾನು ಯಾರ ಹೆಸರನ್ನೂ ಯಾವ ಹಳ್ಳಿಯ ಹೆಸರನ್ನೂ ಬರೆಯದಿರುವುದು ಅದಕ್ಕೇ. ನನಗೆ ಹಾಸನಕ್ಕೆ ವರ್ಗವಾದ ಮೇಲೆ ಅಜ್ಜಿ ತೀರಿಕೊಂಡಳು. ಸುದ್ದಿ ತಡವಾಗಿ ಬಂತು. ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ಚನ್ನರಾಯಪಟ್ಟಣದ ಬಚ್ಚಲಲ್ಲಿ ಬೀಗಿತ್ತಿ ನನ್ನ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡಿದ್ದರು. ನೀರು ಹಾಕಿ ಮುಗಿದಿತ್ತು. ಎಣ್ಣೆ ಬಟ್ಟಲಿಗೆ ಅವರ ಬೆರಳು ಇಳಿಯಿತು.

"ಬೀಗ್ತಿ, ನಿಲ್ಲಿ," ಎಂದೆ. ಅಲ್ಲೇ ಬಚ್ಚಲ ಬಾಗಿಲಲ್ಲಿ ಕೂತು ಹೇಳಿದೆ, ಎಷ್ಟೋ ಊರಲ್ಲಿ ಹೇಳಿದ ಹಾಗೆಯೇ. ಒಂದೂರಲ್ಲಿ ಒಬ್ಬ ಅಜ್ಜಿ ಇದ್ದಳು...

ಬೀಗಿತ್ತಿ ಎಣ್ಣೆ ಬಟ್ಟಲನ್ನು ದೂರ ಸರಿಸಿದರು. "ಅಯ್ಯಯ್ಯಪ್ಪ! ಯಾವೂರ್ ಅಜ್ಜಿ ಅದು?"

"ಗೊತ್ತಿಲ್ಲ ಬೀಗ್ತಿ. ಮೀಟಿಂಗಲ್ಲಿ ಕೇಳಿದ್ದು."

ನನ್ನ ಮಗ ತೊಟ್ಟಿಲ ಪಕ್ಕದಿಂದ ಒಮ್ಮೆ ನನ್ನ ಮುಖ ನೋಡಿದ. ಆ ಗೋಡೆಯ ಪಕ್ಕದಲ್ಲೇ ಬೆಳೆದವನು ಅವನು. ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡ.

"ನಂಗ್ ಕೈ ನಡುಗ್ತಾ ಅದೆ ಕಣ್ರೀ. ನಾಳೆಯಿಂದ ನಾನ್ ಮುಟ್ಟಲ್ಲ," ಎಂದು ಬೀಗಿತ್ತಿ ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದರು. ಹೀಗಾಗುತ್ತದೆ, ಹೆದರಿಸಿದ್ದು ನಾನೇ. ಮಣೆ ಎಳೆದುಕೊಂಡು ಕೂತೆ. ಸೀರೆ ಎತ್ತಿ ಸಿಕ್ಕಿಸಿ ಕಾಲು ನೀಡಿದೆ. ಕೂಸು ನನ್ನ ಕಾಲಿನ ತಗ್ಗಿನಲ್ಲಿ ಬೆಚ್ಚಗೆ ಬೋರಲು ಮಲಗಿತು. ಉಳಿದಿದ್ದ ಬಿಸಿನೀರು ಹೊಯ್ದು, ನೆತ್ತಿಗೆ ಒಂದಿಷ್ಟು ಎಣ್ಣೆ ಒತ್ತಿ, ಬೆನ್ನು ನೀವಿದೆ. ಉದ್ದ ಆಗು, ಗಟ್ಟಿ ಆಗು, ಅತ್ತೆ ಮನೇಲಿ ಜಗಳ ಆಡು... ಕೂಸು ಊರು ಹಾರಿಹೋಗುವ ಹಾಗೆ ಅತ್ತಿತು. ಅಳಲಿ. ಅಷ್ಟು ಜೋರು ಉಸಿರು ಇದೆಯಲ್ಲ, ಅಳಲಿ.

ಅರೆಬರೆ ನೀರು ಹಾಕಿದೆ ಕಣಜ್ಜಿ, ಸಂತೋಷಾನಾ, ಎಂದೆ. ಗೋಡೆಯಾಚೆಯಿಂದ ಬೈಯಲು ಯಾರೂ ಇರಲಿಲ್ಲ.